ಬಾಲಗಂಧರ್ವ

ಬಾಲಗಂಧರ್ವ (ನಾರಾಯಣ ಶ್ರೀಪಾದ ರಾಜಹಂಸ, ಜೂನ್ 26, 1888 – ಜುಲೈ 15, 1967) ಮರಾಠಿ ಸಂಗೀತ ನಾಟಕ ಪರಂಪರೆಯ ಸುಪ್ರಸಿದ್ಧ ಗಾಯಕ ನಟರು. ಸ್ತ್ರೀಯರು ರಂಗವೇರುವುದು ವಿರಳವಾಗಿದ್ದ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಅಭಿನಯಿಸಿ ಅಪಾರ ಜನಪ್ರೀತಿ ಗಳಿಸಿದರು. ಗಂಧರ್ವ ನಾಟಕ ಮಂಡಳಿಯ ಸ್ಥಾಪಕರಲ್ಲಿ ಒಬ್ಬರು. ಚಲನಚಿತ್ರಕ್ಕೆ ತೆರಳಿ, ನಡುವಯಸ್ಸಿನಲ್ಲಿ ಮತ್ತೆ ರಂಗಭೂಮಿಗೆ ಮರಳಿದಾಗ ಅವರ ಪ್ರಯೋಗಗಳ ಕುರಿತು ರಸಿಕರಲ್ಲಿ ತೀವ್ರ ಭಿನ್ನಾಭಿಪ್ರಾಯ ಉಂಟಾಯಿತು. ಅಂದಿನ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯ ಗಾಯಕಿ ಗೋಹರಬಾಯಿ ಕರ್ನಾಟಕಿಯವರು ಅವರ ಉತ್ತರಾರ್ಧದ ರಂಗಜೀವನದಲ್ಲಿಯೂ ಸಂಸಾರದಲ್ಲಿಯೂ ಸಂಗಾತಿಯಾಗಿದ್ದರು.

ಬಾಲ್ಯ ಮತ್ತು ರಂಗಪ್ರವೇಶ

ರಾಜಹಂಸ ಮನೆತನವು ಸಾಂಗ್ಲಿ ಪ್ರದೇಶದ ನಾಗಠಾಣೆ ಗ್ರಾಮದ್ದು. ಬಾಲಕ ನಾರಾಯಣನ ಗಾಯನವನ್ನು ಪುಣೆಯಲ್ಲಿ ಕೇಳಿದ ಲೋಕಮಾನ್ಯ ಬಾಲಗಂಗಾಧರ ಟಿಳಕರು ಆತನನ್ನು ಬಾಲಗಂಧರ್ವನೆಂದು ಕರೆದರೆಂಬುದು ಪ್ರಸಿದ್ಧ. ಆ ಹೆಸರೇ ಮುಂದೆ ಶಾಶ್ವತವಾಯಿತು. ಕೊಲ್ಹಾಪುರದ ಶಾಹು ಮಹಾರಾಜರ ಆಶ್ರಯ ಅವರಿಗೆ ಚಿಕ್ಕಂದಿನಲ್ಲಿಯೇ ದೊರೆಯಿತು.

1905ರಲ್ಲಿ ಅವರು ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿದರು. ಈ ಮಂಡಳಿಯನ್ನು 1880ರಲ್ಲಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದವರು. ಮಂಡಳಿಯ ಸ್ತ್ರೀಪಾತ್ರಧಾರಿ ಭಾವೂರಾವ್ ಕೊಲ್ಹಟ್ಕರರು 1901ರಲ್ಲಿ ತೀರಿಕೊಂಡ ಬಳಿಕ ತೆರವಾಗಿದ್ದ ಸ್ಥಾನವನ್ನು ಬಾಲಗಂಧರ್ವರು ತುಂಬಿದರು. ಶಾಕುಂತಲ ನಾಟಕದ ಶಕುಂತಲೆಯ ಪಾತ್ರದಿಂದ ಅವರ ಖ್ಯಾತಿ ಆರಂಭವಾಯಿತು. ಹಿಂದುಸ್ತಾನಿ ಸಂಗೀತದಲ್ಲಿ ಅವರಿಗೆ ಮಾರ್ಗದರ್ಶನ ಮಾಡಿದ ಭಾಸ್ಕರಬುವಾ ಬಖಲೆಯವರು ಕೆಲಕಾಲ ಧಾರವಾಡದಲ್ಲಿ ಸಂಗೀತ ಶಿಕ್ಷಕರಾಗಿದ್ದವರು.

ಕೃ. ಪ್ರ. ಖಾಡಿಲ್ಕರರ ಮಾನಾಪಮಾನ ನಾಟಕದ ಪ್ರಥಮ ಪ್ರಯೋಗ 1911ರ ಮಾರ್ಚ್ 12ರಂದು ಇತ್ತು. ಅದೇ ದಿನ ಅವರ ಎಳೆಯ ಮಗಳು ತೀರಿಕೊಂಡಳು. ಪ್ರೇಕ್ಷಕರನ್ನು ನಿರಾಶೆಗೊಳಿಸಬಾರದೆಂದು ಅವರು ಪ್ರಯೋಗವನ್ನು ನಿಲ್ಲಿಸದೆ ಭಾಮಿನಿಯ ಪಾತ್ರವನ್ನು ಪೂರೈಸಿದರು. ರಂಗದ ಮೇಲಿನ ನಿಷ್ಠೆಗೆ ನಿದರ್ಶನವಾಗಿ ಈ ಘಟನೆಯನ್ನು ಇಂದಿಗೂ ಸ್ಮರಿಸಲಾಗುತ್ತದೆ.

ಗಂಧರ್ವ ನಾಟಕ ಮಂಡಳಿ

1913ರಲ್ಲಿ ಗಣಪತರಾವ್ ಬೋಡಸ ಹಾಗೂ ಗೋವಿಂದರಾವ್ ಟೇಂಬೆಯವರೊಡನೆ ಸೇರಿ ಬಾಲಗಂಧರ್ವರು ಸ್ವಂತ ಮಂಡಳಿಯನ್ನು ಸ್ಥಾಪಿಸಿದರು. ಸ್ವಯಂವರ (1916) ನಾಟಕದ ರುಕ್ಮಿಣಿ ಮತ್ತು ರಾಮ ಗಣೇಶ ಗಡಕರಿಯವರ ಏಕಚ ಪ್ಯಾಲಾ (1919) ನಾಟಕದ ಸಿಂಧು ಅವರ ಅತ್ಯಂತ ಜನಪ್ರಿಯ ಪಾತ್ರಗಳು. ಮೊದಲನೆಯದು ಶೃಂಗಾರ ಮತ್ತು ವೈಭವಗಳ ಪಾತ್ರ. ಎರಡನೆಯದು ಕುಡುಕ ಗಂಡನ ಮನೆಯಲ್ಲಿ ಹರಕು ಸೀರೆಯುಟ್ಟು ಬೀಸುವ ಕಲ್ಲಿನ ಮುಂದೆ ಕುಳಿತ ಬಡ ಗೃಹಿಣಿಯ ಪಾತ್ರ. ಎರಡರಲ್ಲಿಯೂ ಒಂದೇ ಸಮನಾಗಿ ಮೆಚ್ಚುಗೆ ಪಡೆದದ್ದು ಅವರ ಹಿರಿಮೆ.

ತಬಲಾ ವಾದಕ ಅಹಮದಜಾನ್ ಥಿರಕವಾ ಮತ್ತು ಸಾರಂಗಿ ವಾದಕ ಖಾದರ್ ಬಕ್ಷ್ ಅವರಂತಹ ಶ್ರೇಷ್ಠರು ಮಂಡಳಿಯ ಪಕ್ಕವಾದ್ಯದಲ್ಲಿದ್ದರು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ನಾಟಕಗಳು ರಾತ್ರಿಯಿಡೀ ನಡೆಯುತ್ತಿದ್ದವು. ಪ್ರೇಕ್ಷಕರು ವನ್ಸ್ ಮೋರ್ ಎಂದು ಕೂಗಿದಾಗಲೆಲ್ಲ ಪದಗಳನ್ನು ಮತ್ತೆ ಮತ್ತೆ ಹಾಡಬೇಕಾಗುತ್ತಿತ್ತು. ಅವರು ಸೀರೆ ಉಡುವ ರೀತಿಯನ್ನೂ ಹೂ ಮುಡಿಯುವ ಬಗೆಯನ್ನೂ ಪ್ರತಿಷ್ಠಿತ ಮನೆತನಗಳ ಸ್ತ್ರೀಯರು ಅನುಕರಿಸುತ್ತಿದ್ದರು.

ರಂಗಸಜ್ಜಿಕೆ, ವೇಷಭೂಷಣ, ಆಭರಣಗಳಿಗೆ ಅವರು ಲೆಕ್ಕವಿಡದೆ ವೆಚ್ಚ ಮಾಡಿದರು. ಅದರ ಫಲವಾಗಿ ಮಂಡಳಿ ಭಾರಿ ಸಾಲದಲ್ಲಿ ಸಿಲುಕಿತು. ಆ ಸಾಲವನ್ನು ನಾಟಕವಾಡಿಯೇ ತೀರಿಸುವ ಹಟ ತೊಟ್ಟು ಅವರು ಹಲವು ವರ್ಷ ದುಡಿದರು.

ಸಂಯುಕ್ತ ಮಾನಾಪಮಾನ

ಬಾಲಗಂಧರ್ವರ ಸಮಕಾಲೀನ ಪ್ರತಿಸ್ಪರ್ಧಿಯಾಗಿದ್ದವರು ಕೇಶವರಾವ್ ಭೋಸಲೆ. ಅವರ ಲಲಿತಕಲಾದರ್ಶ ಮಂಡಳಿ 1908ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭಗೊಂಡಿತ್ತು. ಇಬ್ಬರ ಅಭಿಮಾನಿಗಳಲ್ಲಿಯೂ ಯಾರು ಹೆಚ್ಚೆಂಬ ವಾದ ಸದಾ ನಡೆಯುತ್ತಿತ್ತು. 1921ರ ಜುಲೈ 8ರಂದು ಟಿಳಕ ಸ್ವರಾಜ್ಯ ನಿಧಿಯ ಸಹಾಯಾರ್ಥ ಮುಂಬಯಿಯಲ್ಲಿ ಎರಡೂ ಮಂಡಳಿಗಳು ಕೂಡಿ ಮಾನಾಪಮಾನವನ್ನು ಪ್ರದರ್ಶಿಸಿದವು. ಕೇಶವರಾಯರು ಧೈರ್ಯಧರನಾಗಿಯೂ ಬಾಲಗಂಧರ್ವರು ಭಾಮಿನಿಯಾಗಿಯೂ ಅಭಿನಯಿಸಿದರು. ಅದೇ ವರ್ಷದ ಅಕ್ಟೋಬರ್ 4ರಂದು ಕೇಶವರಾಯರು ಅಕಾಲ ಮರಣಕ್ಕೆ ತುತ್ತಾದ್ದರಿಂದ ಈ ಪೈಪೋಟಿಗೆ ತೆರೆ ಬಿದ್ದಿತು.

ಇಂತಹ ಹೋಲಿಕೆ ಕನ್ನಡ ನಾಡಿನ ಕಲಾವಿದರನ್ನೂ ಬಿಟ್ಟಿರಲಿಲ್ಲ. ಕುಂದಗೋಳದ ರಾಮಭಾವೂ ಅವರು ಮರಾಠಿ ರಂಗದಲ್ಲಿ ಹಾಡುತ್ತಿದ್ದಾಗ ಅವರಿಗೆ ಸವಾಯಿ ಗಂಧರ್ವರೆಂಬ ಬಿರುದು ಬಂದಿತು. ಸವಾಯಿ ಎಂದರೆ ಒಂದೂಕಾಲು ಪಾಲು. ಬಾಲಗಂಧರ್ವರ ಹೆಸರು ಗಾಯನದ ಅಳತೆಗೋಲೇ ಆಗಿತ್ತೆಂಬುದಕ್ಕೆ ಈ ಬಿರುದು ಸಾಕ್ಷಿ.

ಚಲನಚಿತ್ರ

1931ರಲ್ಲಿ ವಾಕ್ಚಿತ್ರ ಬಂದ ಬಳಿಕ ನಾಟಕ ಮಂಡಳಿಗಳ ಪ್ರೇಕ್ಷಕರು ಕಡಿಮೆಯಾದರು. ಬಾಲಗಂಧರ್ವರು ಪ್ರಭಾತ್ ಸಂಸ್ಥೆಯೊಡನೆ ಸೇರಿ ಧರ್ಮಾತ್ಮಾ (1935) ಚಿತ್ರದಲ್ಲಿ ಸಂತ ಏಕನಾಥನಾಗಿ ನಟಿಸಿದರು. ನಿರ್ದೇಶಕರು ವಿ. ಶಾಂತಾರಾಮ್. ಸ್ತ್ರೀಪಾತ್ರಗಳಿಂದ ಹೆಸರಾದ ನಟ ಇಲ್ಲಿ ಪುರುಷ ಪಾತ್ರದಲ್ಲಿ ಕಾಣಿಸಿಕೊಂಡರು. ತುಂಡು ತುಂಡಾಗಿ ಚಿತ್ರೀಕರಿಸುವ ಪದ್ಧತಿಯಾಗಲಿ, ಎದುರಿಗೆ ರಸಿಕರಿಲ್ಲದೆ ಹಾಡುವುದಾಗಲಿ ಅವರಿಗೆ ಒಗ್ಗಲಿಲ್ಲ. ಸಾಧ್ವಿ ಮೀರಾಬಾಯಿ (1937) ಚಿತ್ರದ ನಂತರ ಅವರು ಚಿತ್ರರಂಗದಿಂದ ದೂರವಾದರು.

ರಂಗಕ್ಕೆ ಪುನರಾಗಮನ

1930ರ ದಶಕದ ಕೊನೆಯಲ್ಲಿ ಅವರು ಮಂಡಳಿಯನ್ನು ಮತ್ತೆ ಕಟ್ಟಿದಾಗ ಗೋಹರಬಾಯಿ ಕರ್ನಾಟಕಿಯವರು ಅದರಲ್ಲಿ ಸೇರಿದರು. ಗೋಹರಬಾಯಿಯವರು ಹಿನ್ನೆಲೆ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಸೋದರಿ. ವಿಜಯಪುರ ನಗರದ ಅಮೀರ್ ಟಾಕೀಸ್ ಅಮೀರಬಾಯಿಯವರ ಹೆಸರನ್ನು ಉಳಿಸಿದೆ. ಬಾಲಗಂಧರ್ವರ ಗಾಯನ ಶೈಲಿಯನ್ನು ಗೋಹರಬಾಯಿಯವರು ಅತ್ಯಂತ ನಿಕಟವಾಗಿ ಮೈಗೂಡಿಸಿಕೊಂಡಿದ್ದರು.

ಹಳೆಯ ನಾಟಕಗಳು ಮತ್ತೆ ರಂಗಕ್ಕೆ ಬಂದಾಗ ರಸಿಕರಲ್ಲಿ ಎರಡು ಪಂಗಡಗಳಾದವು. ಐವತ್ತರ ಅಂಚಿನಲ್ಲಿದ್ದ, ದೇಹ ಸ್ಥೂಲವಾಗಿದ್ದ ನಟ ತರುಣಿಯ ಪಾತ್ರ ವಹಿಸುವುದು ಒಪ್ಪುವುದಿಲ್ಲವೆಂಬುದು ಒಂದು ಪಕ್ಷದ ವಾದ. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 1933ರಲ್ಲಿ ನಾಟ್ಯಮನ್ವಂತರ ಸಂಸ್ಥೆಯ ಆಂಧಳ್ಯಾಂಚಿ ಶಾಳಾ ನಾಟಕದಲ್ಲಿ ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಿದ್ದರು. ಸಹಜಾಭಿನಯದ ಹೊಸ ಅಭಿರುಚಿ ಬೆಳೆಯುತ್ತಿತ್ತು. ಹಿಂದಿನ ವೈಭವವನ್ನು ಕಂಡಿದ್ದ ಕೆಲವರು ಆ ನೆನಪು ಕೆಡಬಾರದೆಂದು ಪ್ರಯೋಗಗಳಿಗೆ ಹೋಗುವುದನ್ನೇ ಬಿಟ್ಟರು.

ಇನ್ನೊಂದು ಪಕ್ಷದವರಿಗೆ ವಯಸ್ಸು ಮುಖ್ಯವಾಗಿರಲಿಲ್ಲ. ತೆರೆ ಸರಿದು ಮೊದಲ ಸ್ವರ ಕೇಳಿದೊಡನೆ ಕಣ್ಣೆದುರಿನ ದೇಹ ಮರೆತುಹೋಗುತ್ತದೆ ಎಂಬುದು ಅವರ ಅನುಭವ. ಸ್ವರ ಮೊದಲಿನಷ್ಟು ಎತ್ತರಕ್ಕೆ ಏರದಿದ್ದರೂ ಲಯದ ಹಿಡಿತ ಮತ್ತು ಶಬ್ದಗಳ ಭಾವ ಇನ್ನೂ ಪಕ್ವವಾಗಿವೆಯೆಂದು ಅವರು ನಂಬಿದ್ದರು.

ವಿವಾದದ ಹೆಚ್ಚಿನ ಭಾರ ಬಿದ್ದದ್ದು ಗೋಹರಬಾಯಿಯವರ ಮೇಲೆ. ಅವರು ಮುಸ್ಲಿಂ ಸಮುದಾಯದವರು, ಕನ್ನಡ ಸೀಮೆಯಿಂದ ಬಂದವರು ಹಾಗೂ ವಿವಾಹಿತ ಬ್ರಾಹ್ಮಣ ನಟನ ಒಡನಾಡಿಯಾದವರು ಎಂಬ ಕಾರಣಗಳಿಂದ ಕಟು ಟೀಕೆ ಎದುರಿಸಬೇಕಾಯಿತು. ಬಾಲಗಂಧರ್ವರ ತಮ್ಮ ಬಾಪೂರಾಯರು ಮಂಡಳಿಯಿಂದ ಹೊರನಡೆದರು. ಮಂಡಳಿಯ ಅವನತಿಗೆ ಗೋಹರಬಾಯಿಯವರೇ ಕಾರಣವೆಂಬ ಮಾತು ಬಹುಕಾಲ ಉಳಿಯಿತು. ಆದರೆ ಸಾಲದ ಮೂಲವು ಅವರು ಸೇರುವುದಕ್ಕಿಂತ ಬಹಳ ಹಿಂದಿನದು. ವಾಕ್ಚಿತ್ರದ ಪೈಪೋಟಿಯೂ ಮೊದಲೇ ಆರಂಭವಾಗಿತ್ತು. ಇವನ್ನು ಗಮನಿಸಿದಾಗ ಆ ಆರೋಪ ಪೂರ್ಣ ನ್ಯಾಯಯುತವೆನಿಸದು. ಇಳಿಗಾಲದಲ್ಲಿ ಅವರ ಜೊತೆಯಲ್ಲಿ ಉಳಿದವರು ಗೋಹರಬಾಯಿಯವರೇ.

ಕೊನೆಯ ವರ್ಷಗಳು

ಮೊದಲ ಪತ್ನಿ ಲಕ್ಷ್ಮೀಬಾಯಿಯವರ ನಿಧನಾನಂತರ, 1951ರಲ್ಲಿ ಬಾಲಗಂಧರ್ವರು ಗೋಹರಬಾಯಿಯವರನ್ನು ವಿವಾಹವಾದರು. ವೃದ್ಧಾಪ್ಯದಲ್ಲಿ ಕಾಲುಗಳ ಶಕ್ತಿ ಉಡುಗಿ ರಂಗದಲ್ಲಿ ನಿಲ್ಲುವುದು ಅಸಾಧ್ಯವಾಯಿತು. ಆಗ ಕುಳಿತು ಭಜನೆ, ಅಭಂಗಗಳನ್ನು ಹಾಡುತ್ತಿದ್ದರು. ಅಭಿನಯ ನಿಂತಿದ್ದರಿಂದ ವೇಷದ ಕುರಿತ ವಾದವೂ ಅಲ್ಲಿಗೆ ನಿಂತಿತು. ಉಳಿದದ್ದು ಗಾಯನ ಮಾತ್ರ. ಗೋಹರಬಾಯಿಯವರು 1964ರಲ್ಲಿ ನಿಧನರಾದರು. ಮೂರು ವರ್ಷಗಳ ತರುವಾಯ, 1967ರ ಜುಲೈ 15ರಂದು ಬಾಲಗಂಧರ್ವರು ಕೊನೆಯುಸಿರೆಳೆದರು.

ಗೌರವ ಮತ್ತು ಪ್ರಭಾವ

ಅವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ 1964ರಲ್ಲಿ ಪದ್ಮಭೂಷಣವೂ ಸಂದವು. ಪುಣೆಯ ಬಾಲಗಂಧರ್ವ ರಂಗಮಂದಿರಕ್ಕೆ 1962ರಲ್ಲಿ ಅವರೇ ಅಡಿಗಲ್ಲು ಇಟ್ಟಿದ್ದರು. ಅವರು ತೀರಿಕೊಂಡ ಮರುವರ್ಷ, 1968ರ ಜೂನ್ 26ರಂದು, ಅವರ ಜನ್ಮದಿನದಂದೇ ಅದು ಉದ್ಘಾಟನೆಗೊಂಡಿತು. 2011ರಲ್ಲಿ ಅವರ ಜೀವನವನ್ನು ಆಧರಿಸಿದ ಬಾಲಗಂಧರ್ವ ಎಂಬ ಮರಾಠಿ ಚಲನಚಿತ್ರ ತೆರೆಕಂಡಿತು. ಸುಬೋಧ ಭಾವೆ ಮುಖ್ಯ ಪಾತ್ರ ವಹಿಸಿದರು.

ಮುಂಬಯಿ ಪ್ರಾಂತದ ಭಾಗವಾಗಿದ್ದ ಉತ್ತರ ಕರ್ನಾಟಕದಲ್ಲಿ ಮರಾಠಿ ಸಂಗೀತ ನಾಟಕಗಳಿಗೆ ದೊಡ್ಡ ಪ್ರೇಕ್ಷಕವರ್ಗವಿತ್ತು. ಇಲ್ಲಿನ ಕನ್ನಡ ಕಂಪನಿ ನಾಟಕಗಳ ರಂಗಗೀತೆಗಳಲ್ಲಿ ಮರಾಠಿ ನಾಟ್ಯಸಂಗೀತದ ಮಟ್ಟುಗಳು ಧಾರಾಳವಾಗಿ ಬಳಕೆಯಾದವು. ಬಾಲಗಂಧರ್ವರ ಧ್ವನಿಮುದ್ರಿಕೆಗಳು ಇಂದಿಗೂ ಲಭ್ಯವಿದ್ದು, ನಾಟ್ಯಸಂಗೀತದ ಅಭ್ಯಾಸಿಗಳಿಗೆ ಮಾದರಿಯಾಗಿವೆ.