ನಾಳಿನ ಗಾಳಿ ಹೇಳಿದ ಕ್ಯಾಪ್ಟನ್

ನಮ್ಮೂರು ಪಟ್ಟದಕಲ್ಲು. ನಮ್ಮ ಕಡೆ ನೀರು ಅಂದ್ರೆ ಮಲಪ್ರಭೆ, ಅಲೆ ಅಂದ್ರೆ ಎಮ್ಮೆ ಹೊಳೆಗೆ ಇಳಿದಾಗ ಏಳೋ ಅಲೆ. ನಾನು ಸಮುದ್ರ ನೋಡಿದ್ದು ಮೂರನೇ ಸೆಮ್ ಎಕ್ಸಾಮ್ ಮುಗಿದ ಮೇಲೆ, ಹಾಸ್ಟೆಲ್ ಗೆಳೆಯರ ಜೊತೆ ಮಂಗಳೂರಿಗೆ ಹೋದಾಗ. ಪಣಂಬೂರು, ತಣ್ಣೀರುಬಾವಿ ನೋಡಿ, ಸರ್ಫಿಂಗ್ ಕಲೀಬೇಕು ಅಂತ ಸಸಿಹಿತ್ಲು ಕಡೆಗೂ ಹೋದ್ವಿ. ಕಲಿಸೋ ಅಣ್ಣ ಸಮುದ್ರ ನೋಡೋದಕ್ಕಿಂತ ಮೊದಲು ಮೊಬೈಲ್ ನೋಡಿದ. ಅಲೆ ಎಷ್ಟು ಮೀಟರ್, ಒಂದು ಅಲೆಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡ್ ಅಂತರ, ಗಾಳಿ ದಡದಿಂದ ಕಡಲಿಗೋ ಕಡಲಿಂದ ದಡಕ್ಕೋ, ಎಲ್ಲಾ ಅದರಲ್ಲೇ ಇತ್ತು. ಹನ್ನೊಂದು ಗಂಟೆ ಮೇಲೆ ಗಾಳಿ ತಿರುಗ್ತದೆ, ಅಷ್ಟರಲ್ಲಿ ಮುಗಿಸ್ಬೇಕು ಅಂದ. ಹನ್ನೊಂದೂ ಕಾಲಿಗೆ ಗಾಳಿ ತಿರುಗೇಬಿಡ್ತು. ನಾನು ಬೋರ್ಡ್ ಮೇಲೆ ನಿಂತಿದ್ದು ಒಟ್ಟು ಎರಡು ಸೆಕೆಂಡ್, ಆ ವಿಷಯ ಬಿಡಿ. ನಂಗೆ ತಲೆಯಲ್ಲಿ ಕೂತಿದ್ದು ಒಂದೇ ಪ್ರಶ್ನೆ: ಇದನ್ನ ಮೊದಲು ಹೇಳೋಕೆ ಧೈರ್ಯ ಮಾಡಿದವನು ಯಾರು?

ಹುಡುಕ್ತಾ ಹೋದ್ರೆ ಸಿಕ್ಕಿದ ಹೆಸರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್‌ನ ಹಡಗಿನ ಕ್ಯಾಪ್ಟನ್ ಅಂತ ಎಲ್ಲೋ ಓದಿರ್ತೀರಿ. ಅಷ್ಟಕ್ಕೇ ಆತನ ಕಥೆ ಮುಗಿಯಲ್ಲ.

ಫಿಟ್ಜ್‌ರಾಯ್ ಹುಟ್ಟಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ. ದೊಡ್ಡ ಮನೆತನ. ಎರಡನೇ ಚಾರ್ಲ್ಸ್ ರಾಜನ ವಂಶಕ್ಕೆ ಸೇರಿದವರು. ಹನ್ನೆರಡನೇ ವಯಸ್ಸಿಗೇ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜಿಗೆ ಸೇರಿದ. ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಔಟ್ ಆಫ್ ಔಟ್ ತಗೊಂಡ, ಅದಕ್ಕಿಂತ ಮೊದಲು ಯಾರೂ ತಗೊಂಡಿರಲಿಲ್ಲ. ನಮ್ಮ ಕ್ಲಾಸ್‌ನಲ್ಲೂ ಇಂಥವರು ಒಬ್ಬಿಬ್ಬರು ಇರ್ತಾರೆ, ಅವರ ಮೇಲೆ ನಮಗೆ ಹೊಟ್ಟೆಕಿಚ್ಚು ಇರ್ತದೆ. ಆದ್ರೆ ಈ ಹುಡುಗನಿಗೆ ಇನ್ನೊಂದು ಭಾರವೂ ಇತ್ತು. ಅವನ ಸೋದರಮಾವ ಕ್ಯಾಸಲ್‌ರೇ, ಬ್ರಿಟನ್ನಿನ ವಿದೇಶಾಂಗ ಮಂತ್ರಿ, 1822ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ತನಗೂ ಆ ಕತ್ತಲೆ ಬರಬಹುದು ಅನ್ನೋ ಹೆದರಿಕೆ ಫಿಟ್ಜ್‌ರಾಯ್‌ನನ್ನ ಕೊನೇವರೆಗೂ ಬಿಡಲಿಲ್ಲ.

1828ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಕೂಡ ಹಾಗೇ ಸತ್ತ. ಆ ಜಾಗಕ್ಕೆ ಬಂದವನು ಇಪ್ಪತ್ಮೂರು ವರ್ಷದ ಫಿಟ್ಜ್‌ರಾಯ್. ಕೈಗೆ ಹಡಗು ಸಿಕ್ಕಿ ಕೆಲವೇ ವಾರ ಆಗಿತ್ತು. 1829ರ ಜನವರಿ ಕೊನೆಯಲ್ಲಿ, ಲಾ ಪ್ಲಾಟಾ ನದಿ ಸಮುದ್ರ ಸೇರೋ ಜಾಗದ ಹತ್ತಿರ, ಬ್ಯಾರೊಮೀಟರ್ ಇಳೀತಾ ಇತ್ತು. ಬಂದರು ಹತ್ತಿರದಲ್ಲೇ ಇದೆ ಅಂತ ಫಿಟ್ಜ್‌ರಾಯ್ ಅದನ್ನ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆ ಸೀಮೆಯ ಬಯಲು ಕಡೆಯಿಂದ ಹಠಾತ್ತಾಗಿ ಬೀಸೋ ಬಿರುಗಾಳಿ ಹಡಗನ್ನ ಪಕ್ಕಕ್ಕೆ ಮಲಗಿಸಿಬಿಡ್ತು. ಹಡಗು ಉಳೀತು. ಇಬ್ಬರು ನಾವಿಕರು ಮುಳುಗಿ ಸತ್ತರು. ಪಾದರಸ ಮೊದಲೇ ಹೇಳಿತ್ತು, ಕೇಳದೇ ಇದ್ದವನು ತಾನು, ಅಂತ ಆತ ತನ್ನನ್ನೇ ದೂರಿಕೊಂಡ. ಆತ ಮುಂದೆ ಮಾಡಿದ್ದೆಲ್ಲಾ ಈ ಇಬ್ಬರಿಂದಲೇ ಶುರುವಾಯ್ತು ಅಂತ ನನ್ನ ಅನಿಸಿಕೆ.

ಬೀಗಲ್‌ನ ಪ್ರಸಿದ್ಧ ಪ್ರಯಾಣ ಶುರುವಾಗಿದ್ದು 1831ರ ಡಿಸೆಂಬರ್ 27ಕ್ಕೆ, ಮುಗಿದಿದ್ದು 1836ರ ಅಕ್ಟೋಬರ್ 2ಕ್ಕೆ. ವರ್ಷಗಟ್ಟಲೆ ಒಂಟಿಯಾಗಿದ್ರೆ ತಲೆ ಕೆಡ್ತದೆ ಅಂತ, ಜೊತೆಗೆ ಮಾತಾಡೋಕೆ ಓದಿದವನೊಬ್ಬ ಬೇಕು ಅಂದಾಗ ಸಿಕ್ಕಿದ್ದೇ ಡಾರ್ವಿನ್. ಇಬ್ಬರಿಗೂ ಜಗಳ ಆಗ್ತಿತ್ತು, ಬ್ರೆಜಿಲ್‌ನಲ್ಲಿ ಗುಲಾಮಗಿರಿ ವಿಷಯಕ್ಕೆ ದೊಡ್ಡದೇ ಆಯ್ತು, ಆಮೇಲೆ ರಾಜಿಯೂ ಆದ್ರು. ನಂಗೆ ಇಷ್ಟ ಆಗಿದ್ದು ಹಡಗಿನ ಸಾಮಾನಿನ ಪಟ್ಟಿ. ರೇಖಾಂಶ ಸರಿಯಾಗಿ ಹಿಡಿಯೋಕೆ ಇಪ್ಪತ್ತೆರಡು ಕ್ರೊನೊಮೀಟರ್! ಒಂದು ಕೆಟ್ರೆ ಇನ್ನೊಂದು, ಎಲ್ಲದರ ರೀಡಿಂಗ್ ತಗೊಂಡು ಹೋಲಿಸೋದು. ನಾವು ಲ್ಯಾಬ್‌ನಲ್ಲಿ ಮೂರು ರೀಡಿಂಗ್ ತಗೊಳ್ಳೋಕೆ ಬೇಜಾರು ಮಾಡ್ಕೊಂಡು ಎರಡನ್ನ ಮನಸಿಂದ ಬರೀತೀವಿ. ಗಾಳಿಯ ಬಲವನ್ನ ಅಂಕಿಯಲ್ಲಿ ಬರೆಯೋ ಬ್ಯೂಫರ್ಟ್ ಸ್ಕೇಲ್ ಅಧಿಕೃತವಾಗಿ ಮೊದಲು ಬಳಕೆಗೆ ಬಂದಿದ್ದೂ ಈ ಪ್ರಯಾಣದಲ್ಲೇ. 1835ರ ಫೆಬ್ರವರಿ 20ರಂದು ಚಿಲಿಯ ಕಾನ್ಸೆಪ್ಸಿಯಾನ್‌ನಲ್ಲಿ ಭೂಕಂಪ ಆಗಿ, ಸಮುದ್ರದಿಂದ ದೊಡ್ಡ ಅಲೆಗಳು ಬಂದು ಬಂದರನ್ನ ಹೊಡೆದಿದ್ವು. ಫಿಟ್ಜ್‌ರಾಯ್ ಆಮೇಲೆ ಅಲ್ಲಿಗೆ ಹೋಗಿ ಪಕ್ಕದ ದ್ವೀಪದ ನೆಲ ಎಂಟರಿಂದ ಹತ್ತು ಅಡಿ ಮೇಲೆ ಎದ್ದಿದ್ದನ್ನ ಅಳತೆ ಮಾಡಿ ಬರೆದಿಟ್ಟ.

ಎಲ್ಲಾ ಹೊಗಳೋಕಾಗಲ್ಲ. ಮೊದಲ ಪ್ರಯಾಣದಲ್ಲಿ ಟಿಯೆರಾ ಡೆಲ್ ಫ್ಯೂಗೊದ ನಾಲ್ಕು ಜನ ಮೂಲನಿವಾಸಿಗಳನ್ನ ಇಂಗ್ಲೆಂಡಿಗೆ ಕರ್ಕೊಂಡು ಬಂದಿದ್ದ, ನಾಗರಿಕರನ್ನಾಗಿ ಮಾಡ್ತೀನಿ ಅಂತ. ಒಬ್ಬ ಸಿಡುಬಿನಿಂದ ಸತ್ತ. ಉಳಿದ ಮೂವರನ್ನ ವಾಪಸ್ ಬಿಟ್ಟಿದ್ದೇನೋ ನಿಜ, ಆದ್ರೆ ಅವರನ್ನ ಕೇಳಿದವರು ಯಾರು? 1843ರಿಂದ 1845ರವರೆಗೆ ನ್ಯೂಜಿಲೆಂಡ್‌ನ ಗವರ್ನರ್ ಆಗಿದ್ದಾಗ ಮಾತ್ರ ಬೇರೆ ಥರ ಕಾಣ್ತಾನೆ. ಮಾವೋರಿಗಳಿಗೂ ಬಿಳಿಯರಿಗೂ ಹೊಡೆದಾಟ ಆದಾಗ ತಪ್ಪು ಬಿಳಿಯರದ್ದು ಅಂದ. ವಲಸೆ ಬಂದವರು ಸಿಟ್ಟಾದ್ರು, ಲಂಡನ್ ವಾಪಸ್ ಕರೆಸಿಕೊಳ್ತು.

1854ರಲ್ಲಿ ಬೋರ್ಡ್ ಆಫ್ ಟ್ರೇಡ್ ಒಂದು ಸಣ್ಣ ಹವಾಮಾನ ಇಲಾಖೆ ಶುರು ಮಾಡಿ ಆತನನ್ನ ಕೂರಿಸ್ತು. ಕೈಕೆಳಗೆ ಬೆರಳೆಣಿಕೆಯಷ್ಟು ಗುಮಾಸ್ತರು. ಕೆಲಸ ಏನಂದ್ರೆ ಹಡಗುಗಳಿಗೆ ಉಪಕರಣ ಕೊಡೋದು, ಅವರು ತಂದ ಲೆಕ್ಕ ಸೇರಿಸಿ ಪಟ್ಟಿ ಮಾಡೋದು. ಮುಂದಿನದ್ದನ್ನ ಹೇಳು ಅಂತ ಯಾರೂ ಹೇಳಿರಲಿಲ್ಲ. ಆದ್ರೂ ಆತ ಮೀನುಗಾರರ ಹಳ್ಳಿಗಳಿಗೆ ಬ್ಯಾರೊಮೀಟರ್ ಕೊಡಿಸೋಕೆ ಶುರು ಮಾಡಿದ, ದಡದಲ್ಲಿ ಎಲ್ಲರೂ ನೋಡೋ ಹಂಗೆ.

1859ರ ಅಕ್ಟೋಬರ್ 26. ಮೆಲ್ಬರ್ನ್‌ನಿಂದ ಚಿನ್ನ ಮತ್ತು ಜನರನ್ನ ಹೊತ್ತು ಲಿವರ್‌ಪೂಲ್‌ಗೆ ಬರ್ತಿದ್ದ ರಾಯಲ್ ಚಾರ್ಟರ್ ಹಡಗು, ಊರು ಇನ್ನೇನು ಬಂತು ಅನ್ನೋವಾಗ, ವೇಲ್ಸ್‌ನ ಆಂಗ್ಲ್‌ಸೀ ದಡದ ಬಂಡೆಗೆ ಬಡಿದು ಒಡೀತು. ಸುಮಾರು 450 ಜನ ಸತ್ತರು. ಅದೇ ಬಿರುಗಾಳಿಗೆ ಬ್ರಿಟನ್ ಸುತ್ತ ನೂರಕ್ಕೂ ಹೆಚ್ಚು ಹಡಗು ಹೋದವು. ಫಿಟ್ಜ್‌ರಾಯ್ ಬೇರೆ ಬೇರೆ ಊರಿನ ರೀಡಿಂಗ್ ತರಿಸಿ ನಕ್ಷೆ ಮೇಲೆ ಹಾಕಿದ. ಬಿರುಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಂಟೆಗಟ್ಟಲೆ ಪ್ರಯಾಣ ಮಾಡಿತ್ತು. ಅದಕ್ಕಿಂತ ವೇಗವಾಗಿ ಹೋಗೋದು ಒಂದಿತ್ತು: ತಂತಿ. ಟೆಲಿಗ್ರಾಫ್ ಸುದ್ದಿ ಗಾಳಿಗಿಂತ ಮೊದಲೇ ಮುಂದಿನ ಬಂದರಿಗೆ ತಲುಪುತ್ತೆ. ಈಗ ನಮಗೆ ಇದು ಎಷ್ಟು ಸಿಂಪಲ್ ಅನಿಸ್ತದೆ ನೋಡಿ.

ದಿನಾ ಬೆಳಿಗ್ಗೆ ಕರಾವಳಿಯ ಸ್ಟೇಷನ್‌ಗಳಿಂದ ಒತ್ತಡ, ಉಷ್ಣತೆ, ಗಾಳಿ, ಸಮುದ್ರದ ಸ್ಥಿತಿ ತಂತಿಯಲ್ಲಿ ಬರ್ತಿತ್ತು. ಅಪಾಯ ಕಂಡ್ರೆ ಬಂದರಿಗೆ ವಾಪಸ್ ತಂತಿ. ಅಲ್ಲಿ ಎತ್ತರದ ಕಂಬಕ್ಕೆ ಕ್ಯಾನ್ವಾಸ್ ಬಟ್ಟೆಯ ಕೋನ್ ಅಥವಾ ಡ್ರಮ್ ಏರಿಸೋರು. ಕೋನ್‌ನ ಚೂಪು ಮೇಲಿದ್ರೆ ಉತ್ತರದ ಗಾಳಿ, ಕೆಳಗಿದ್ರೆ ದಕ್ಷಿಣದ್ದು. ಎರಡೂ ಸೇರಿದ್ರೆ ಭಾರೀ ಬಿರುಗಾಳಿ. ಓದು ಬರದವನಿಗೂ ದೂರದಿಂದ ಗೊತ್ತಾಗ್ಬೇಕು, ಅದು ಲೆಕ್ಕ. ನಮ್ಮೂರಲ್ಲಿ ಡಂಗುರ ಸಾರಿದ ಹಂಗೆ, ಆದ್ರೆ ಕಣ್ಣಿಗೆ. ಮೊದಲ ಎಚ್ಚರಿಕೆ ಹೋಗಿದ್ದು 1861ರ ಫೆಬ್ರವರಿ 6ಕ್ಕೆ. ಮೂರು ದಿನಕ್ಕೆ ಈಶಾನ್ಯ ಕರಾವಳಿಯಲ್ಲಿ ಬಿರುಗಾಳಿ ಎದ್ದಾಗ, ಎಚ್ಚರಿಕೆ ನಂಬದೇ ಹೊರಟವರೂ ಕಡಲಲ್ಲಿದ್ರು.

ಇಲ್ಲಿ ನಂಗೆ 2019ರ ಆಗಸ್ಟ್ ನೆನಪಾಗ್ತದೆ. ಮಲಪ್ರಭೆ ಉಕ್ಕಿ ಗುಡಿಗಳ ಆವರಣದಲ್ಲೇ ನೀರು ನಿಂತಿದ್ದ ವರ್ಷ. ಊರು ಬಿಡ್ರಿ ಅಂತ ಮೈಕಿನಲ್ಲಿ ಹೇಳಿಕೊಂಡು ಹೋದಾಗ ನಮ್ಮ ಅಜ್ಜಿ ಕದಲಲೇ ಇಲ್ಲ. ಹಿಂದೆ ಒಂದ್ಸಲ ಹಿಂಗೇ ಹೇಳಿದ್ರು, ನೀರು ಬಂದಿರಲಿಲ್ಲ, ಹೊತ್ತುಕೊಂಡು ಹೋದ ಜೋಳದ ಚೀಲ ಮಾತ್ರ ಮಳೆಗೆ ನೆಂದು ಹಾಳಾಗಿತ್ತು ಅಂತ ಆಕೆಯ ಲೆಕ್ಕ. ಕಡೆಗೆ ಕಾಕಾ ಎತ್ತಿಕೊಂಡೇ ಟ್ರ್ಯಾಕ್ಟರ್ ಹತ್ತಿಸಿದ. ಮರುದಿನ ನಮ್ಮ ಪಡಸಾಲೆಯಲ್ಲಿ ಸೊಂಟದ ಮಟ ನೀರು. ಅಜ್ಜಿ ತಪ್ಪಾ? ಒಂದು ಸುಳ್ಳು ಎಚ್ಚರಿಕೆಯ ಖರ್ಚನ್ನ ಆಕೆ ಕೈಯಿಂದ ಕೊಟ್ಟಿದ್ಲು.

ಫಿಟ್ಜ್‌ರಾಯ್ ಎಚ್ಚರಿಕೆಗೇ ನಿಲ್ಲಲಿಲ್ಲ. 1861ರ ಆಗಸ್ಟ್ 1ರಂದು ಟೈಮ್ಸ್ ಪತ್ರಿಕೆಯಲ್ಲಿ ಮುಂದಿನ ಎರಡು ದಿನದ ಹವೆ ಅಚ್ಚಾಯ್ತು. ಸಾಧಾರಣ ಪಡುವಣ ಗಾಳಿ, ಹವೆ ಚೆನ್ನಾಗಿರುತ್ತೆ, ಅಷ್ಟೇ. ಭವಿಷ್ಯವಾಣಿ ಅನ್ನೋ ಪದ ಬೇಡ ಅಂತ ಫೋರ್‌ಕಾಸ್ಟ್ ಅನ್ನೋ ಪದವನ್ನ ಹವೆಗೆ ತಂದವನು ಇವನೇ. ಜನ ಇಷ್ಟಪಟ್ರು. ದ್ವೀಪಕ್ಕೆ ಹೋಗೋಕೆ ಮೊದಲು ವಿಕ್ಟೋರಿಯಾ ರಾಣಿ ಆತನ ಮನೆಗೆ ಆಳು ಕಳಿಸಿ ಕಡಲು ಹೇಗಿರುತ್ತೆ ಅಂತ ಕೇಳಿಸಿದ್ದೂ ಉಂಟು.

ಆದ್ರೆ ತಪ್ಪಾಗ್ತಿತ್ತು. ಆಗಲೇಬೇಕಲ್ಲ? ಬ್ರಿಟನ್ನಿಗೆ ಹವೆ ಬರೋದು ಪಶ್ಚಿಮದ ಅಟ್ಲಾಂಟಿಕ್‌ನಿಂದ, ಅಲ್ಲಿ ಒಂದೂ ಸ್ಟೇಷನ್ ಇಲ್ಲ, ಸಾಗರದಾಚೆಗೆ ತಂತಿಯೂ ಇಲ್ಲ. ಬೌಂಡರಿ ಕಂಡಿಷನ್ ಇಲ್ಲದೆ ಪ್ರಾಬ್ಲಂ ಬಿಡಿಸು ಅಂದ ಹಂಗೆ. ಹವೆ ಲೆಕ್ಕ ಹಾಕೋ ಸಮೀಕರಣವನ್ನ ಆಗಿನ್ನೂ ಯಾರೂ ಕೂಡಿಸಿರಲಿಲ್ಲ, ಬಿಡಿಸೋ ಕಂಪ್ಯೂಟರೂ ಇರಲಿಲ್ಲ. ಇದ್ದಿದ್ದು ನಕ್ಷೆ, ನೆನಪು, ನಲವತ್ತು ವರ್ಷದ ಸಮುದ್ರದ ಅನುಭವ. ವಿಜ್ಞಾನಿಗಳು ಇದಕ್ಕೆ ಸಿದ್ಧಾಂತ ಎಲ್ಲಿ ಅಂದ್ರು. ಮೀನುಗಾರಿಕೆ ದೋಣಿಗಳ ಯಜಮಾನರು ಕೋನ್ ಏರಿದ ದಿನ ದೋಣಿ ಇಳಿಯಲ್ಲ, ದುಡ್ಡು ಹೋಯ್ತು ಅಂತ ಗೊಣಗಿದ್ರು. ಪಾರ್ಲಿಮೆಂಟಿನಲ್ಲಿ ನಗು. ಅಚ್ಚು ಹಾಕ್ತಿದ್ದ ಪತ್ರಿಕೆಯೇ ಇದು ನಮ್ಮ ಜವಾಬ್ದಾರಿ ಅಲ್ಲ ಅಂತ ಕೈ ತೊಳ್ಕೊಳ್ತು. ನೋಡಿ, ಸರಿಯಾದ ದಿನ ಉಳಿದ ದೋಣಿಯನ್ನ ಯಾರೂ ಎಣಿಸಲ್ಲ, ಅದು ದಡದಲ್ಲೇ ಕಟ್ಟಿರುತ್ತೆ.

ಮನೆಯ ಕಥೆಯೂ ಚೆನ್ನಾಗಿರಲಿಲ್ಲ. ಬೀಗಲ್ ಪ್ರಯಾಣಕ್ಕೆ ಸ್ವಂತ ದುಡ್ಡು ಸುರಿದಿದ್ದ, ಸರ್ವೆಗೆ ಬೇಕು ಅಂತ ಕೇಳದೇ ಇನ್ನೊಂದು ಹಡಗು ಕೊಂಡಿದ್ದ, ನೌಕಾಪಡೆ ಆ ಹಣ ಕೊಡಲಿಲ್ಲ. ಮೊದಲ ಹೆಂಡತಿ 1852ರಲ್ಲಿ ತೀರಿಕೊಂಡಿದ್ಲು. ತನಗೆ ಬರಬೇಕಿದ್ದ ಹುದ್ದೆ ಬೀಗಲ್‌ನಲ್ಲಿ ತನ್ನ ಕೈಕೆಳಗೆ ಇದ್ದ ಸಲಿವನ್‌ಗೆ ಹೋಯ್ತು. ಬೈಬಲ್ ಮೇಲೆ ಗಟ್ಟಿ ನಂಬಿಕೆ ಇದ್ದವನಿಗೆ, ಡಾರ್ವಿನ್‌ನ ಪುಸ್ತಕಕ್ಕೆ ತಾನೇ ದಾರಿ ಮಾಡಿಕೊಟ್ಟೆ ಅನ್ನೋ ಸಂಕಟ ಬೇರೆ. 1860ರಲ್ಲಿ ಆಕ್ಸ್‌ಫರ್ಡ್‌ನ ಆ ಪ್ರಸಿದ್ಧ ವಾದದ ದಿನ ಆತನೂ ಸಭೆಯಲ್ಲಿದ್ದ. ಊರಿಗೆ ಬಂದಿದ್ದು ಬಿರುಗಾಳಿ ಬಗ್ಗೆ ಪ್ರಬಂಧ ಓದೋಕೆ, ಎಲ್ಲರಿಗೂ ನೆನಪಿರೋದು ಬೈಬಲ್ ಎತ್ತಿ ಹಿಡಿದಿದ್ದು ಮಾತ್ರ.

1863ರಲ್ಲಿ ವೆದರ್ ಬುಕ್ ಅನ್ನೋ ದೊಡ್ಡ ಪುಸ್ತಕ ಬರೆದ. ಆಮೇಲೆ ದೇಹ ಸೋಲ್ತಾ ಬಂತು. ನಿದ್ದೆ ಇಲ್ಲ, ಕಿವಿ ಮಂದ, ಕೆಲಸ ಮಾಡ್ಬೇಡ ಅಂದ್ರೂ ಆಫೀಸಿಗೆ ಹೋಗೋದು. 1865ರ ಏಪ್ರಿಲ್ 30, ಭಾನುವಾರ, ಲಂಡನ್ ಹತ್ತಿರದ ಅಪ್ಪರ್ ನಾರ್‌ವುಡ್‌ನ ಮನೆಯಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಐವತ್ತೊಂಬತ್ತು ವರ್ಷ. ಚಿಕ್ಕಂದಿನಿಂದ ಹೆದರಿದ್ದ ಆ ಕತ್ತಲೆಗೆ ಆಗಿನ ಕಾಲದಲ್ಲಿ ಚಿಕಿತ್ಸೆ ಅನ್ನೋದೇ ಇರಲಿಲ್ಲ. ಮನೆಯಲ್ಲಿ ದುಡ್ಡೂ ಉಳಿದಿರಲಿಲ್ಲ. ಹೆಂಡತಿ ಮಕ್ಕಳಿಗೆ ಅಂತ ನಿಧಿ ಸೇರಿಸಿದಾಗ ಡಾರ್ವಿನ್ 100 ಪೌಂಡ್ ಕೊಟ್ಟ.

1866ರಲ್ಲಿ ಗಾಲ್ಟನ್ ಮುಂದಾಳುತನದ ಸಮಿತಿ ಆತನ ಲೆಕ್ಕ ಪರಿಶೀಲಿಸಿ, ಇದಕ್ಕೆ ವೈಜ್ಞಾನಿಕ ತಳಹದಿ ಸಾಲದು ಅಂತು. ಫೋರ್‌ಕಾಸ್ಟೂ ನಿಂತ್ವು, ಬಿರುಗಾಳಿ ಎಚ್ಚರಿಕೆಯೂ ನಿಂತ್ವು. ಆಗ ಗಲಾಟೆ ಮಾಡಿದವರು ಕಡಲಿಗೆ ಹೋಗೋ ಜನ. ಕೋನ್ ಬೇಕು ಅಂದ್ರು. 1867ರಲ್ಲಿ ಎಚ್ಚರಿಕೆ ಮತ್ತೆ ಶುರುವಾಯ್ತು, ಪತ್ರಿಕೆಯ ಫೋರ್‌ಕಾಸ್ಟ್‌ಗೆ 1879ರವರೆಗೂ ಕಾಯಬೇಕಾಯ್ತು.

ಅಲೆಯನ್ನೇ ಲೆಕ್ಕ ಹಾಕಿ ಹೇಳೋ ವಿದ್ಯೆ ಬಂದಿದ್ದು ಎರಡನೇ ಮಹಾಯುದ್ಧದಲ್ಲಿ, ಸೈನ್ಯವನ್ನ ಯಾವ ದಿನ ದಡಕ್ಕೆ ಇಳಿಸೋದು ಅಂತ ತಿಳಿಯೋಕೆ, ಸ್ವೆರ್‌ಡ್ರಪ್ ಮತ್ತು ಮಂಕ್ ಕೈಯಲ್ಲಿ. ನಮ್ಮಲ್ಲಿ ಈಗ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಾರವಾರದಿಂದ ಮಂಗಳೂರಿನವರೆಗೂ ಅಲೆಯ ಎತ್ತರ, ಸ್ವೆಲ್, ಪೀರಿಯಡ್ ಹೇಳ್ತದೆ. ಅವರು ಹೇಳೋ ಎತ್ತರ ಎಲ್ಲಾ ಅಲೆಗಳ ಸರಾಸರಿ ಅಲ್ಲ, ದೊಡ್ಡ ಮೂರನೇ ಒಂದು ಭಾಗದ ಸರಾಸರಿ. ಅಂದ್ರೆ ಒಂದು ಮೀಟರ್ ಅಂತ ಇದ್ರೂ ಒಂದೂವರೆಯ ಅಲೆ ಬಂದು ನಿಮ್ಮನ್ನ ಉರುಳಿಸಬಹುದು, ನನ್ನನ್ನ ಉರುಳಿಸ್ತು. ಆಳ ನೀರಲ್ಲಿ ಪೀರಿಯಡ್ ಅನ್ನು 0.78ರಿಂದ ಗುಣಿಸಿದ್ರೆ ಸ್ವೆಲ್ ಸೆಕೆಂಡಿಗೆ ಎಷ್ಟು ಮೀಟರ್ ಬರ್ತದೆ ಅಂತ ಸಿಗ್ತದೆ. 14 ಸೆಕೆಂಡಿನದು ಗಂಟೆಗೆ 39 ಕಿ.ಮೀ., ದಿನಕ್ಕೆ 900 ಕಿ.ಮೀ.ಗೂ ಮೇಲೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ನಡೆದು ನಮ್ಮ ದಡಕ್ಕೆ ಬರೋದು ಹಿಂಗೆ. ಅದಕ್ಕಿಂತ ಮೊದಲು ಸುದ್ದಿ ಬಂದಿರ್ತದೆ, ಸರ್ಫಿಂಗ್ ಅಣ್ಣನ ಮೊಬೈಲಿಗೂ, ಮಲ್ಪೆಯ ದೋಣಿಯವರಿಗೂ.

ಬ್ರಿಟನ್ನಿನ ರೇಡಿಯೋದಲ್ಲಿ ಇವತ್ತಿಗೂ ದಿನಾ ಹಡಗುಗಳಿಗಾಗಿ ಕಡಲಿನ ಹವೆ ಓದ್ತಾರೆ, ಒಂದೊಂದು ಸಮುದ್ರ ಭಾಗದ ಹೆಸರು ಹಿಡಿದು. 2002ರಲ್ಲಿ ಅದರಲ್ಲೊಂದು ಭಾಗದ ಹೆಸರು ಬದಲಾಯಿಸಿದ್ರು. ಸ್ಪೇನ್‌ನ ವಾಯವ್ಯಕ್ಕಿರೋ, ಮೊದಲು ಫಿನಿಸ್ಟೆರ್ ಅಂತಿದ್ದ ಆ ಕಡಲಿಗೆ ಈಗ ಫಿಟ್ಜ್‌ರಾಯ್ ಅಂತಾರೆ.