ಹ್ಯಾರಿ ವಾರ್ಡನ್

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಜರ್ಸಿ ದ್ವೀಪದಲ್ಲಿ 1870ರಲ್ಲಿ ಬಡ ತೋಟಗಾರನೊಬ್ಬನ ಮಗನಾಗಿ ಹ್ಯಾರಿ ವಾರ್ಡನ್ ಜನಿಸಿದನು. ಚಿಕ್ಕ ಚೆಂಡನ್ನು ಕೋಲಿನಿಂದ ಹೊಡೆದು, ಆದಷ್ಟು ಕಡಿಮೆ ಹೊಡೆತಗಳಲ್ಲಿ ದೂರದ ಕುಳಿಗೆ ಬೀಳಿಸುವ ಗಾಲ್ಫ್ ಅಲ್ಲಿ ಸಿರಿವಂತರ ಆಟವೆನಿಸಿತ್ತು. ಬಾಲಕ ಹ್ಯಾರಿ ಅಂಥವರ ಕೋಲುಗಳನ್ನು ಹೊರುತ್ತಲೇ ಆಟದ ಮರ್ಮವನ್ನರಿತನು. ಇಪ್ಪತ್ತನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ತೆರಳಿ ವೃತ್ತಿಪರ ಆಟಗಾರನಾದನು.

1896ರಲ್ಲಿ, ಹಿಂದಿನ ಎರಡು ವರ್ಷಗಳ ವಿಜೇತನಾದ ಜೆ. ಎಚ್. ಟೇಲರನನ್ನು ಸೋಲಿಸಿ ಬ್ರಿಟನ್ನಿನ ಓಪನ್ ಪ್ರಶಸ್ತಿಯನ್ನು ಪಡೆದನು. 1898 ಮತ್ತು 1899ರಲ್ಲಿ ಮರಳಿ ಗೆದ್ದನು. 1900ರಲ್ಲಿ ಅಮೆರಿಕದ ಓಪನ್ ಪ್ರಶಸ್ತಿಯೂ ಅವನದಾಯಿತು. 1903ರಲ್ಲಿ ಅನಾರೋಗ್ಯದಿಂದ ಬಳಲುತ್ತಲೇ, ತಮ್ಮನಾದ ಟಾಮನನ್ನು ಆರು ಹೊಡೆತಗಳ ಅಂತರದಿಂದ ಹಿಂದಿಕ್ಕಿ ನಾಲ್ಕನೆಯ ಬಾರಿ ಜಯಶಾಲಿಯಾದನು.

ಆ ಬಳಿಕ ಕ್ಷಯರೋಗವು ಅವನನ್ನು ಚಿಕಿತ್ಸಾಲಯಕ್ಕೆ ಸೇರಿಸಿತು. ಚೇತರಿಸಿಕೊಂಡರೂ ಬಲಗೈ ಮೊದಲಿನಂತೆ ಅವನ ಸ್ವಾಧೀನದಲ್ಲಿರಲಿಲ್ಲ. ನೂರಾರು ಗಜ ದೂರಕ್ಕೆ ಚೆಂಡನ್ನು ಗುರಿತಪ್ಪದೆ ಅಟ್ಟಬಲ್ಲವನು, ಕುಳಿಯ ಸಮೀಪದಲ್ಲಿ ಒಂದು ಗಜದ ಹೊಡೆತಕ್ಕೆ ತಡವರಿಸುತ್ತಿದ್ದನು. ಆದರೂ ಅವನು ಅಭ್ಯಾಸವನ್ನು ತೊರೆಯಲಿಲ್ಲ. 1911ರಲ್ಲಿ ಐದನೆಯ ಬಾರಿಯೂ, 1914ರಲ್ಲಿ ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಆರನೆಯ ಬಾರಿಯೂ ಓಪನ್ ಪ್ರಶಸ್ತಿಯನ್ನು ಗೆದ್ದನು. ಅದನ್ನು ಆರು ಸಲ ಗೆದ್ದವರು ಬೇರಾರೂ ಇಲ್ಲ.

1937ರಲ್ಲಿ ವಾರ್ಡನ್ ನಿಧನಹೊಂದಿದನು. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳ ಮೇಲಿರಿಸಿ ಕೋಲು ಹಿಡಿಯುವ ಕ್ರಮವನ್ನು ಪ್ರಚಾರಕ್ಕೆ ತಂದವನು ಅವನೇ. ಆ ಹಿಡಿತಕ್ಕೆ ಇಂದಿಗೂ ಅವನ ಹೆಸರೇ ಸಲ್ಲುತ್ತದೆ.