ದಿವಾನ್ ರಂಗಾಚಾರ್ಲು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಮಲೆನಾಡಿನ ಅಂಚಿನ ತಾಲ್ಲೂಕುಗಳು. ಶಿಕಾರಿಪುರದ ಬಳಿ ಕುಮುದ್ವತಿಯೂ ಸೊರಬದ ಬಳಿ ದಂಡಾವತಿಯೂ ಹರಿಯುತ್ತವೆ. ಇಂದು ಈ ಊರುಗಳಲ್ಲಿ ಪುರಾಡಳಿತದ ಚುನಾವಣೆ ನಡೆಯುವಾಗ, ಮತದಾರರ ಪಟ್ಟಿಯಲ್ಲಿ ಹೆಸರಿರುವ, ಹದಿನೆಂಟು ವರ್ಷ ತುಂಬಿದವರೆಲ್ಲರೂ ತಮ್ಮ ವಾರ್ಡಿನ ಸದಸ್ಯರನ್ನು ಆರಿಸುತ್ತಾರೆ. ಹಾಗೆ ಆಯ್ಕೆಯಾದ ಸದಸ್ಯರು ತಮ್ಮೊಳಗಿನಿಂದಲೇ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಆರಿಸಿಕೊಳ್ಳುತ್ತಾರೆ. ಮತ ಹಾಕುವವನು ಬಡವನೋ ಸಿರಿವಂತನೋ, ಗಂಡಸೋ ಹೆಂಗಸೋ ಎಂದು ಯಾರೂ ಕೇಳುವುದಿಲ್ಲ. ಇದು ನಮಗೆ ಇಂದು ತೀರ ಸಹಜವಾಗಿ ಕಾಣುತ್ತದೆ. ಆದರೆ ಒಂದು ಕಾಲದಲ್ಲಿ ಈ ಸೀಮೆಯ ರೈತನು ತನ್ನ ಕಷ್ಟವನ್ನು ಹೇಳಿಕೊಳ್ಳಲು ಯಾರ ಬಳಿಗೆ ಹೋಗಬೇಕೆಂಬುದೇ ತಿಳಿಯದಂತಿತ್ತು.

೧೮೩೦ರ ಸುಮಾರಿನ ಮಾತು. ಮೈಸೂರನ್ನು ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಶಿಕಾರಿಪುರ, ಸೊರಬಗಳು ನಗರದ ಫೌಜುದಾರಿಗೆ ಸೇರಿದ್ದವು. ಇಷ್ಟು ಕಂದಾಯವನ್ನು ತಂದೊಪ್ಪಿಸುವೆನೆಂದು ಅಧಿಕಾರಿಯು ಸರ್ಕಾರಕ್ಕೆ ಮೊದಲೇ ಮುಚ್ಚಳಿಕೆ ಬರೆದುಕೊಡುವ ಪದ್ಧತಿ ಅಂದು ಇದ್ದಿತು. ಇದಕ್ಕೆ ಶರ್ತಿನ ಪದ್ಧತಿಯೆಂದು ಹೆಸರು. ಮಳೆ ಬಂದರೂ ಬಾರದಿದ್ದರೂ ಒಪ್ಪಿದ ಹಣವನ್ನು ಹೊಂದಿಸಲೇಬೇಕಾಗಿದ್ದುದರಿಂದ, ಅಧಿಕಾರಿಯು ರೈತನನ್ನು ಹಿಂಡುತ್ತಿದ್ದನು. ದೂರು ಹೇಳಲು ಹೋದರೆ ದೂರನ್ನು ಕೇಳಬೇಕಾದವನೂ ಅವನೇ! ಕೊನೆಗೆ ರೈತರು ಊರೂರುಗಳಲ್ಲಿ ಕೂಟ ಕೂಡಿ, ಕಂದಾಯ ಕೊಡುವುದಿಲ್ಲವೆಂದು ನಿಂತರು. ದಂಗೆ ಹಬ್ಬಿತು, ರಕ್ತ ಹರಿಯಿತು. ಇದನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ ೧೮೩೧ರಲ್ಲಿ ರಾಜ್ಯದ ಆಡಳಿತವನ್ನು ಅರಸರ ಕೈಯಿಂದ ತೆಗೆದುಕೊಂಡನು. ಅಂದಿನಿಂದ ಐವತ್ತು ವರ್ಷಗಳ ಕಾಲ ಮೈಸೂರನ್ನು ಆಂಗ್ಲ ಕಮಿಷನರುಗಳು ಆಳಿದರು.

ಮೈಸೂರು ಅರಸರ ಕೈತಪ್ಪಿದ ಅದೇ ೧೮೩೧ರಲ್ಲಿ, ಮದರಾಸಿಗೆ ಸಮೀಪದ ಚೆಂಗಲ್ಪಟ್ಟು ಜಿಲ್ಲೆಯ ಒಂದು ಶ್ರೀವೈಷ್ಣವ ಕುಟುಂಬದಲ್ಲಿ ರಂಗಾಚಾರ್ಲು ಜನಿಸಿದರು. ಮನೆತನ ಸಿರಿವಂತವಾದುದಲ್ಲ. ಮದರಾಸಿನಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸವನ್ನು ಮುಗಿಸಿ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದರು. ಕಂದಾಯ, ರೈಲ್ವೆ, ಖಜಾನೆ ಮೊದಲಾದ ಇಲಾಖೆಗಳಲ್ಲಿ ದುಡಿದು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಡೆಪ್ಯುಟಿ ಕಲೆಕ್ಟರ್ ಆದರು. ಲೆಕ್ಕಪತ್ರಗಳಲ್ಲಿ ಅವರ ಕಣ್ಣು ಬಹಳ ಚುರುಕು. ಆ ಗುಣವೇ ಅವರನ್ನು ಮೈಸೂರಿಗೆ ಕರೆತಂದಿತು.

೧೮೬೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದರು. ಅವರ ದತ್ತುಪುತ್ರ ಚಾಮರಾಜೇಂದ್ರರು ಇನ್ನೂ ಐದು ವರ್ಷದ ಬಾಲಕ. ಅರಮನೆಯಲ್ಲಿ ಸಾಲ ಬೆಳೆದಿತ್ತು. ಸಿಬ್ಬಂದಿಯ ಸಂಖ್ಯೆಯಂತೂ ಮಿತಿಮೀರಿತ್ತು. ಇದನ್ನೆಲ್ಲ ಸರಿಪಡಿಸಲು ರಂಗಾಚಾರ್ಲು ನೇಮಕಗೊಂಡರು. ಅರಮನೆಯ ಲೆಕ್ಕ ಕೇಳುವುದು ಸುಲಭವಾದ ಕೆಲಸವೇ? ಅನೇಕರ ಕೋಪಕ್ಕೆ ಅವರು ಗುರಿಯಾದರು. ಹೊರಗಿನಿಂದ, ಅದರಲ್ಲೂ ಮದರಾಸಿನಿಂದ ಬಂದವರೆಂಬ ಅಸಮಾಧಾನವೂ ಹಲವರಲ್ಲಿತ್ತು. ಅದು ಅವರ ಜೀವಿತಾವಧಿಯಲ್ಲಿ ಪೂರ್ತಿಯಾಗಿ ಅಳಿಯಲಿಲ್ಲ.

ಅವರು ಮೈಸೂರಿಗೆ ಬಂದ ಆ ವರ್ಷವೇ, ಸೊರಬದ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸರ್ಕಾರಕ್ಕೆ ವರದಿಯೊಂದನ್ನು ಬರೆದರು. ಕಾನೆಂದರೆ ಹಳ್ಳಿಯ ಜನ ತಲೆಮಾರುಗಳಿಂದ ಕಾಪಾಡಿಕೊಂಡು, ಮೆಣಸು ಬೆಳೆದು, ಅದಕ್ಕೆ ಕಂದಾಯವನ್ನೂ ಕಟ್ಟುತ್ತ ಬಂದ ನಿತ್ಯಹಸುರಿನ ಕಾಡು. ಅದರ ಹಣೆಬರಹವನ್ನು ನಿರ್ಧರಿಸುವ ಅಧಿಕಾರ ಮಾತ್ರ ದೂರದ ಕಚೇರಿಗಳದಾಗಿತ್ತು. ಜನರ ಮಾತನ್ನು ಅಧಿಕಾರದ ಕಿವಿಗೆ ಮುಟ್ಟಿಸುವ ದಾರಿ ೧೮೩೦ರಲ್ಲಿ ಹೇಗೆ ಇರಲಿಲ್ಲವೋ ಹಾಗೆಯೇ ಆಗಲೂ ಇರಲಿಲ್ಲ.

೧೮೭೬ರಿಂದ ೧೮೭೮ರವರೆಗೆ ಮೈಸೂರನ್ನು ಭೀಕರವಾದ ಕ್ಷಾಮವು ಕಾಡಿತು. ಸುಮಾರು ಐವತ್ತು ಲಕ್ಷ ಜನಸಂಖ್ಯೆಯಿದ್ದ ರಾಜ್ಯದಲ್ಲಿ ಐದರಲ್ಲೊಂದು ಪಾಲು ಜನ ನಾಶವಾದರು. ಬೊಕ್ಕಸ ಬರಿದಾಗಿ, ೮೦ ಲಕ್ಷ ರೂಪಾಯಿಗಳ ಸಾಲ ರಾಜ್ಯದ ತಲೆಯ ಮೇಲೆ ನಿಂತಿತು. ಇಂಥ ಸ್ಥಿತಿಯಲ್ಲಿ, ೧೮೮೧ರ ಮಾರ್ಚ್ ೨೫ರಂದು ಆಂಗ್ಲರು ರಾಜ್ಯವನ್ನು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ರಂಗಾಚಾರ್ಲು ದಿವಾನರಾದರು. ವೆಚ್ಚವನ್ನು ಕಡಿತಗೊಳಿಸುವುದು ಅವರ ಮೊದಲ ಕೆಲಸವಾಯಿತು.

ಆದರೆ ಅವರ ಹೆಸರು ಉಳಿದುದು ಮಿತವ್ಯಯಕ್ಕಾಗಿ ಅಲ್ಲ. ಅದೇ ವರ್ಷದ ಆಗಸ್ಟ್ ೨೫ರಂದು ಹೊರಟ ಒಂದು ಸರ್ಕಾರಿ ಆಜ್ಞೆಗಾಗಿ. ಪ್ರತಿವರ್ಷ ದಸರಾ ಕಾಲದಲ್ಲಿ ರಾಜ್ಯದ ಎಲ್ಲ ಕಡೆಗಳಿಂದ ಪ್ರಜೆಗಳ ಪ್ರತಿನಿಧಿಗಳು ಮೈಸೂರಿನಲ್ಲಿ ಸಭೆ ಸೇರಬೇಕು. ಸರ್ಕಾರವು ಹಿಂದಿನ ವರ್ಷ ಮಾಡಿದ ಕೆಲಸವನ್ನೂ ಮುಂದೆ ಮಾಡಬೇಕೆಂದಿರುವ ಕೆಲಸವನ್ನೂ ಅವರ ಮುಂದೆ ಇಡಬೇಕು. ಅವರು ತಮ್ಮ ಅಹವಾಲುಗಳನ್ನು ತಿಳಿಸಬೇಕು. ಇದು ಆ ಆಜ್ಞೆಯ ಸಾರ. ಈ ಪ್ರತಿನಿಧಿಗಳು ಯಾರು? ಪ್ರತಿ ತಾಲ್ಲೂಕಿನಿಂದ, ಸ್ವಂತ ಜಮೀನನ್ನು ಸಾಗುವಳಿ ಮಾಡುವ, ಲೋಕಾನುಭವವೂ ಜನರಲ್ಲಿ ಗೌರವವೂ ಉಳ್ಳ ಒಬ್ಬರು ಅಥವಾ ಇಬ್ಬರು ರೈತರು. ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು. ಇವರನ್ನು ಗೊತ್ತುಮಾಡುವ ಕೆಲಸವನ್ನು ಜಿಲ್ಲೆಯ ಲೋಕಲ್ ಫಂಡ್ ಸಮಿತಿಗಳಿಗೆ ವಹಿಸಲಾಯಿತು. ರಸ್ತೆ, ಛತ್ರ, ಬಾವಿ ಮೊದಲಾದವುಗಳಿಗೆ ಸ್ಥಳೀಯವಾಗಿ ಎತ್ತಿದ ತೆರಿಗೆಯ ಹಣವನ್ನು ನೋಡಿಕೊಳ್ಳುತ್ತಿದ್ದ ಸಮಿತಿಗಳವು. ಅವುಗಳಲ್ಲಿ ಅಧಿಕಾರಿಗಳದೇ ಮೇಲುಗೈ.

ಹೀಗಾಗಿ ಅದು ಚುನಾವಣೆಯಲ್ಲ, ನಾಮಕರಣ. ಶಿಕಾರಿಪುರದ ರೈತರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸಲಿಲ್ಲ; ಅವನನ್ನು ಅವರ ಪರವಾಗಿ ಬೇರೆಯವರು ಆರಿಸಿದರು. ಗೇಣಿದಾರರು, ಕೂಲಿಕಾರರು, ಅಸ್ಪೃಶ್ಯರೆಂದು ದೂರವಿಟ್ಟ ಜನರು, ಮಹಿಳೆಯರು ಲೆಕ್ಕಕ್ಕೇ ಬರಲಿಲ್ಲ. ಇದು ದೊಡ್ಡ ಕೊರತೆಯೇ ಸರಿ. ಆದರೂ ಪ್ರತಿನಿಧಿಯು ಊರಿನವನೇ ಆಗಿರಬೇಕು, ಮಣ್ಣಿನಲ್ಲಿ ದುಡಿಯುವವನಾಗಿರಬೇಕು ಎಂಬ ನಿಯಮದಲ್ಲಿ ಒಂದು ಹೊಸ ಭಾವನೆಯಿತ್ತು. ದರ್ಬಾರಿಗೆ ಬರುತ್ತಿದ್ದವರು ಅಲ್ಲಿಯವರೆಗೆ ಕಾಣಿಕೆ ಒಪ್ಪಿಸಲು ಬರುತ್ತಿದ್ದರು. ಈಗ ಆಡಳಿತದ ಲೆಕ್ಕವನ್ನು ಕೇಳಲು ಬರಬೇಕಾಗಿತ್ತು.

ಅಂದಿನ ಪ್ರಯಾಣವನ್ನು ಊಹಿಸಿಕೊಳ್ಳಿ. ಸೊರಬದಿಂದ ಮೈಸೂರಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಶಿವಮೊಗ್ಗೆಗೆ ರೈಲು ಬಂದದ್ದು ೧೮೯೯ರಲ್ಲಿ. ಮಳೆಗಾಲದ ಕೆಸರು ಇನ್ನೂ ಆರದ ರಸ್ತೆಗಳಲ್ಲಿ ಎತ್ತಿನ ಗಾಡಿಯಲ್ಲಿ ಹೊರಟವನು ಛತ್ರದಿಂದ ಛತ್ರಕ್ಕೆ ತಂಗುತ್ತ, ದಿನಗಟ್ಟಲೆ ಸಾಗಬೇಕಾಗಿತ್ತು. ಅಂಥ ದೂರದ ತಾಲ್ಲೂಕುಗಳಿಂದಲೂ ಸಮೀಪದ ಊರುಗಳಿಂದಲೂ ಕರೆಸಿದ ೧೪೪ ಸದಸ್ಯರ ಸಭೆಯು ೧೮೮೧ರ ಅಕ್ಟೋಬರ್ ೭ರಂದು ಮೈಸೂರಿನಲ್ಲಿ ಕೂಡಿತು. ದಿವಾನರು ಎದ್ದು ನಿಂತು ರಾಜ್ಯದ ಆದಾಯವೆಷ್ಟು, ವೆಚ್ಚವೆಷ್ಟು, ಸಾಲವೆಷ್ಟು ಎಂಬುದನ್ನು ಅವರ ಮುಂದೆ ವಿವರಿಸಿದರು. ಭಾರತದ ಯಾವ ದೇಶೀಯ ಸಂಸ್ಥಾನದಲ್ಲಿಯೂ ಅದುವರೆಗೆ ಇಂಥ ಸಭೆ ಸೇರಿರಲಿಲ್ಲ. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟಿದುದು ಸಹ ಇದಾದ ನಾಲ್ಕು ವರ್ಷಗಳ ನಂತರ, ೧೮೮೫ರಲ್ಲಿ.

ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯದ ಮೇಲೆ ಮತ ಹಾಕುವ ಹಕ್ಕೂ ಇರಲಿಲ್ಲ. ಪ್ರತಿನಿಧಿಗಳು ಹೇಳಬಹುದು, ದಿವಾನರು ಕೇಳಬಹುದು, ಅಷ್ಟೆ. ಇಷ್ಟಕ್ಕೆ ಅಷ್ಟು ದೂರದಿಂದ ಬರಬೇಕಾಗಿತ್ತೇ ಎಂದು ನಮಗೆ ಅನ್ನಿಸಬಹುದು. ಆದರೆ ಎಲ್ಲ ಅಧಿಕಾರವೂ ತಮ್ಮ ಕೈಯಲ್ಲಿದ್ದ ದಿವಾನರು, ಯಾರೂ ಒತ್ತಾಯ ಮಾಡದೆ ಇದ್ದಾಗ, ತಮ್ಮ ಲೆಕ್ಕವನ್ನು ತಾವೇ ರೈತರ ಮುಂದೆ ಬಿಚ್ಚಿಟ್ಟರು. ಅಮಲ್ದಾರನ ಮೇಲಿನ ದೂರನ್ನು ಅಮಲ್ದಾರನಿಗೇ ಹೇಳಬೇಕಾಗಿದ್ದ ರೈತನಿಗೆ ಅವನನ್ನು ದಾಟಿಹೋಗುವ ಒಂದು ಬಾಗಿಲು ತೆರೆಯಿತು. ೧೮೩೦ರ ಕೂಟಗಳಿಗೆ ದೊರೆಯದಿದ್ದುದು ಇದೇ.

ಮರುವರ್ಷ, ೧೮೮೨ರ ಮೇ ತಿಂಗಳಲ್ಲಿ, ವೈಸರಾಯ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತವನ್ನು ಕುರಿತ ತನ್ನ ಪ್ರಸಿದ್ಧ ನಿರ್ಣಯವನ್ನು ಹೊರಡಿಸಿದನು. ಊರಿನ ಆಡಳಿತ ಊರವರ ಕೈಯಲ್ಲಿರಬೇಕೆಂಬ ಮಾತು ಭಾರತದಲ್ಲೆಲ್ಲ ಚರ್ಚೆಗೆ ಬಂದಿತು. ಬೆಂಗಳೂರು ಮೈಸೂರುಗಳ ನಡುವೆ ರೈಲು ಓಡಿದುದೂ ಅದೇ ವರ್ಷ. ದಸರೆಯಲ್ಲಿ ಸಭೆ ಎರಡನೆಯ ಬಾರಿ ಕೂಡಿತು. ರಂಗಾಚಾರ್ಲು ಅವರ ಪಾಲಿಗೆ ಅದೇ ಕೊನೆಯದಾಯಿತು. ದುಡಿಮೆಯಿಂದ ಅವರ ದೇಹ ಬಳಲಿತ್ತು. ೧೮೮೩ರ ಜನವರಿ ೨೦ರಂದು ಅವರು ಮದರಾಸಿನಲ್ಲಿ ನಿಧನರಾದರು. ದಿವಾನರಾಗಿ ಎರಡು ವರ್ಷಗಳೂ ತುಂಬಿರಲಿಲ್ಲ.

ಅವರ ನಂತರ ಬಂದ ದಿವಾನ್ ಶೇಷಾದ್ರಿ ಅಯ್ಯರ್ ಸಭೆಯನ್ನು ಮುಂದುವರಿಸಿದರು. ೧೮೯೧ರಲ್ಲಿ ನಾಮಕರಣದ ಬದಲು ಚುನಾವಣೆ ಬಂದಿತು. ಗೊತ್ತಾದ ಮೊತ್ತಕ್ಕೆ ಕಡಿಮೆಯಿಲ್ಲದಂತೆ ಭೂಕಂದಾಯವನ್ನೋ ಮೊಹತರ್ಫ ತೆರಿಗೆಯನ್ನೋ ಕೊಡುವವರಿಗೆ ಮತದ ಹಕ್ಕು ದೊರೆಯಿತು, ಪದವೀಧರರಿಗೂ ಅವಕಾಶವಾಯಿತು. ಮತದಾರರು ಬೆರಳೆಣಿಕೆಯ ಮಂದಿಯಾದರೂ, ಶಿಕಾರಿಪುರ ಸೊರಬಗಳ ರೈತರು ತಮ್ಮವನನ್ನು ತಾವೇ ಹೆಸರಿಸುವಂತಾಯಿತು. ೧೯೦೬ರಲ್ಲಿ ಪುರಸಭೆಗಳ ಕಾನೂನು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೮ರಲ್ಲಿ ಸ್ಥಳೀಯ ಬೋರ್ಡು ಮತ್ತು ಗ್ರಾಮ ಪಂಚಾಯಿತಿಗಳ ಕಾನೂನು ಬಂದವು. ೧೯೨೩ರ ಕಾನೂನು ಪ್ರಜಾಪ್ರತಿನಿಧಿ ಸಭೆಯ ಹಕ್ಕುಗಳನ್ನು ವಿಸ್ತರಿಸಿ, ಹೆಂಗಸರೆಂಬ ಕಾರಣಕ್ಕೆ ಮತ ನಿರಾಕರಿಸುವ ನಿಯಮವನ್ನು ತೆಗೆದುಹಾಕಿತು.

ಇಷ್ಟಾದರೂ ತಾಲ್ಲೂಕನ್ನು ಆಳುವ ಅಮಲ್ದಾರನನ್ನು ಸರ್ಕಾರವೇ ನೇಮಿಸುತ್ತಿತ್ತು. ಅಹವಾಲನ್ನು ಹೇಳುವ ಹಕ್ಕಿಗೂ ಆಳುವವರನ್ನು ಆರಿಸುವ ಹಕ್ಕಿಗೂ ಇರುವ ಅಂತರವನ್ನು ೧೯೪೨ರಲ್ಲಿ ಶಿಕಾರಿಪುರ ತಾಲ್ಲೂಕಿನದೇ ಆದ ಈಸೂರು ತೋರಿಸಿತು. ಆ ಹಳ್ಳಿಯ ಜನ ತಮ್ಮದೇ ಸರ್ಕಾರವನ್ನು ಸಾರಿ, ಊರಿನ ಇಬ್ಬರು ಹುಡುಗರನ್ನು ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಎಂದು ಆರಿಸಿಕೊಂಡರು. ಮುಂದೆ ನಡೆದ ಘರ್ಷಣೆಯಲ್ಲಿ ಇಬ್ಬರು ಸರ್ಕಾರಿ ಅಧಿಕಾರಿಗಳು ಸತ್ತರು. ೧೯೪೩ರ ಮಾರ್ಚ್ ತಿಂಗಳಲ್ಲಿ ಐವರು ಈಸೂರಿನವರನ್ನು ಗಲ್ಲಿಗೇರಿಸಲಾಯಿತು. ಪ್ರಜಾಪ್ರತಿನಿಧಿ ಸಭೆಯು ೧೯೪೯ರಲ್ಲಿ ಕೊನೆಗೊಂಡಿತು. ೧೯೫೨ರ ಸಾರ್ವತ್ರಿಕ ಚುನಾವಣೆಯಲ್ಲಿ ಕಂದಾಯದ ರಸೀತಿಯನ್ನು ತೋರಿಸದೆಯೇ ಎಲ್ಲ ವಯಸ್ಕರೂ ಮತ ಹಾಕಿದರು.

ರಂಗಾಚಾರ್ಲು ತೀರಿಕೊಂಡ ಮರುವರ್ಷ, ೧೮೮೪ರಲ್ಲಿ, ಅವರ ನೆನಪಿಗಾಗಿ ಮೈಸೂರಿನಲ್ಲಿ ಒಂದು ಭವನವನ್ನು ಕಟ್ಟಲಾಯಿತು. ದೊಡ್ಡ ಗಡಿಯಾರದ ಸಮೀಪದಲ್ಲಿರುವ ಆ ಕಟ್ಟಡವನ್ನು ಊರಿನ ಜನ ಪುರಭವನವೆಂದೇ ಕರೆಯುತ್ತಾರೆ. ಅಲ್ಲಿ ನಾಟಕಗಳನ್ನೂ ಸಭೆಗಳನ್ನೂ ನೋಡಲು ಹೋಗುವವರಲ್ಲಿ ಎಷ್ಟೋ ಮಂದಿಗೆ ಅದು ಯಾರ ಸ್ಮಾರಕವೆಂಬುದು ನೆನಪಿರುವುದಿಲ್ಲ.